ಅಪ್‌ಡೇಟ್: ಕಾಸರಗೋಡಿನ ಕುಂಬಳೆ ಊರಲ್ಲಿ ನನ್ನ ಗೇಮಿಂಗ್ ಪಿಸಿ ರೆಡಿ

ಮಾನಿಟರ್ ಬಿಟ್ಟು 60 ಸಾವಿರ ರೂಪಾಯಿಯ ಬಜೆಟ್; ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಪ್ರೊಸೆಸರ್ ಒಂದೇ ಸಾಕೋ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೋ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ಜಿ ಇಲ್ಲದ ರೈಜನ್ 5 5600 ಪ್ರೊಸೆಸರ್, ಜೊತೆಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ತಗೊಂಡೆ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ, 5600ಜಿಯಲ್ಲಿ 16 ಮಾತ್ರ. ಕಾರ್ಡ್ ಹಾಕುವುದೇ ಆದರೆ ಜಿ ಬೇಡವೇ ಬೇಡ.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೇ ಕಾರಣ. 5600ರೊಳಗೆ ಗ್ರಾಫಿಕ್ಸ್ ಇಲ್ಲ, ಕೇಬಲ್ ಕಾರ್ಡಿಗೇ ಹಾಕಬೇಕು.

8 ಜಿಬಿಯ ಎರಡು ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟಿಗೆ, ಟಕ್ ಅನ್ನುವವರೆಗೆ ಒತ್ತಿ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡುವ ತನಕ 3200 ವೇಗದ ರ‍್ಯಾಮ್ 2400ರಲ್ಲೇ ಓಡುತ್ತಿತ್ತು.

ಪವರ್ ಸಪ್ಲೈ 550 ವ್ಯಾಟ್, ಧಾರಾಳ ಸಾಕು. ಕಾರ್ಡಿಗೆ ಬೇಕಾದದ್ದು 132 ವ್ಯಾಟ್. ಎರಡು ಬಗೆಯ 8 ಪಿನ್ ವೈರ್ ಇರುತ್ತದೆ, ನೋಡಿಕೊಳ್ಳಿ: 4+4 ಆಗಿ ಬಿಡಿಸಿಕೊಳ್ಳುವುದು ಪ್ರೊಸೆಸರಿಗೆ, 6+2 ಕಾರ್ಡಿಗೆ. ಬಲವಂತವಾಗಿ ತುರುಕಬೇಡಿ.

ನಮ್ಮ ಕಡೆಯವರಿಗೆ ಮುಖ್ಯ ಮಾತು: ಹಳೆ ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಮೊದಲು ವಯರಿಂಗಿನವರನ್ನು ಕರೆಸಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರಿಗೆ 1 ಕೆವಿಎ ಯುಪಿಎಸ್ ಬೇಕೇ ಬೇಕು, ಅದನ್ನು ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.