ಬೇರೆ ಬೇರೆ ದೇಶದ ರೋಗಿಗಳು, ಕೊನೆಯ ದಿನಗಳು: ಎಲ್ಲರಿಗೂ ಒಂದೇ ಫಾರ್ಮ್ ಸಾಕಾ?

ಹೊಸಪಾಳಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಈಚೆಗೆ ಪ್ಯಾಲಿಯೇಟಿವ್ ಕೇರ್ ವಾರ್ಡಿಗೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವ ವಾರ್ಡಿಗೆ ಹಾಕಿದ್ದಾರೆ. ನಮ್ಮಲ್ಲಿಗೆ ನಾನಾ ದೇಶದವರು, ನಾನಾ ಭಾಷೆಯವರು ಬರುತ್ತಾರೆ. ಎಲ್ಲರಿಗೂ ಒಂದೇ ಫಾರ್ಮ್ ತುಂಬಬೇಕು. ಜೊತೆಗೆ ‘ಈ ಸಮುದಾಯದವರು ಹೀಗೆ, ಆ ಸಮುದಾಯದವರು ಹಾಗೆ’ ಅಂತ ಬರೆದಿರುವ ಒಂದು ಕೈಪಿಡಿ ಕೊಟ್ಟಿದ್ದಾರೆ.

ಮೊನ್ನೆ ಒಬ್ಬ ರೋಗಿಯ ಮಗ ಬಾಗಿಲ ಹೊರಗೇ ನನ್ನನ್ನು ನಿಲ್ಲಿಸಿ, ‘ಅಪ್ಪನಿಗೆ ಏನೂ ಹೇಳಬೇಡಿ’ ಎಂದರು. ಕೈಪಿಡಿ ಪ್ರಕಾರ ಅದು ಅವರ ಪದ್ಧತಿ, ಒಪ್ಪಿಕೊಳ್ಳಬೇಕು. ಫಾರ್ಮಿನಲ್ಲಿ ನೋಡಿದರೆ ‘ರೋಗಿಗೆ ತಿಳಿಸಲಾಗಿದೆ’ ಎನ್ನುವ ಕಡೆ ಟಿಕ್ ಹಾಕಬೇಕು. ಒಳಗೆ ಆ ಹಿರಿಯರು ಕಣ್ಣು ಬಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಮಲಗಿದ್ದರು. ಇಂಥ ಕಡೆ ನೀವು ಏನು ಮಾಡುತ್ತೀರಿ? ಎಲ್ಲರಿಗೂ ಒಂದೇ ಮಾದರಿ ಇರಬೇಕಾ, ಒಬ್ಬೊಬ್ಬರಿಗೆ ಬೇರೆ ಬೇರೆ ಬೇಕಾ?

ಸಿಸ್ಟರಮ್ಮ:
ಮೊದಲು ಆ ಹಿರಿಯರನ್ನೇ ಕೇಳಿ. ಕಾಯಿಲೆಯ ಸುದ್ದಿಯನ್ನು ನೇರವಾಗಿ ಹೇಳಿಬಿಡಿ ಅನ್ನುತ್ತಿಲ್ಲ. ಕುರ್ಚಿ ಎಳೆದುಕೊಂಡು, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಿದೆ? ಇನ್ನೂ ತಿಳಿದುಕೊಳ್ಳಬೇಕು ಅನ್ನಿಸುತ್ತದಾ? ಇಲ್ಲ, ಮಗನ ಹತ್ತಿರ ಮಾತಾಡಿದರೆ ಸಾಕಾ?’ ಅಂತ ಕೇಳಿ. ‘ಎಲ್ಲಾ ಮಗನೇ ನೋಡಿಕೊಳ್ಳಲಿ’ ಅಂದರೆ ಅದೂ ಅವರದೇ ತೀರ್ಮಾನ. ಅದನ್ನು ಹಾಗೇ ಬರೆದಿಡಿ. ಆದರೆ ಅದು ಅವರ ಬಾಯಿಂದಲೇ ಬರಬೇಕು.

ಕೈಪಿಡಿ ಬಗ್ಗೆ ನನಗೆ ಸಿಟ್ಟಿದೆ. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 65 ದಾಟಿದ 800 ಜನರನ್ನು ಮಾತಾಡಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಕ್ಯಾನ್ಸರ್ ಹರಡಿದೆ ಎಂದು ರೋಗಿಗೆ ಹೇಳಬೇಕಾ ಅಂತ ಕೇಳಿದ್ದರು. ಯುರೋಪ್ ಮೂಲದವರಲ್ಲಿ ಶೇ. 87, ಕೊರಿಯಾ ಮೂಲದವರಲ್ಲಿ ಶೇ. 47 ಜನ ಹೇಳಬೇಕು ಎಂದರು. ಇದನ್ನು ನೋಡಿ ‘ಕೊರಿಯಾದವರಿಗೆ ಹೇಳಬಾರದು’ ಅಂತ ಕೈಪಿಡಿ ಬರೆಯುತ್ತಾರೆ. ಆ ಶೇ. 47 ಜನ ಎಲ್ಲಿಗೆ ಹೋಗಬೇಕು? ಹತ್ತಿರ ಹತ್ತಿರ ಅರ್ಧದಷ್ಟು ಜನ ಅವರು! ಇತ್ತ ಯುರೋಪ್ ಮೂಲದವರಲ್ಲೂ ಹೇಳಬೇಕು ಅನ್ನದವರು ನೂರಕ್ಕೆ ಹದಿಮೂರು ಜನ ಇದ್ದಾರೆ. ಅವರನ್ನು ಯಾರೂ ಕೇಳುವುದೇ ಇಲ್ಲ, ನೇರವಾಗಿ ಹೇಳಿಬಿಡುತ್ತಾರೆ.

ಮಗನ ಜೊತೆ ವಾದ ಬೇಡ. ‘ಹೇಳಿದರೆ ಏನಾಗುತ್ತದೆ ಅಂತ ನಿಮಗೆ ಹೆದರಿಕೆ?’ ಎಂದು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಬಹಳ ಸಲ ಅಲ್ಲಿ ಇರುವುದು ಪದ್ಧತಿಗಿಂತ ಜಾಸ್ತಿ ಪ್ರೀತಿ, ಭಯ. ‘ಅಪ್ಪನೇ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಅವರು ಕೇಳದೆ ನಾನಾಗಿ ಹೇಳುವುದೂ ಇಲ್ಲ’ ಎಂದು ಮೊದಲೇ ತಿಳಿಸಿಬಿಡಿ. ಹೆಚ್ಚಿನವರು ಇದಕ್ಕೆ ಒಪ್ಪುತ್ತಾರೆ.

ಇನ್ನೊಂದು ಮಾತು. ದೇಶ ದೇಶಗಳ ನಡುವಿನ ದೊಡ್ಡ ವ್ಯತ್ಯಾಸ ಸಂಸ್ಕೃತಿಯದ್ದಲ್ಲ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿ ಸಿಗುತ್ತದಾ ಇಲ್ಲವಾ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 5.68 ಕೋಟಿ ಜನರಿಗೆ ಪ್ಯಾಲಿಯೇಟಿವ್ ಆರೈಕೆ ಬೇಕು. ಸಿಗುತ್ತಿರುವುದು ಶೇ. 14ರಷ್ಟು ಜನರಿಗೆ. ನೋವು ತಡೆಯಲಾಗದೆ ಹಲ್ಲು ಕಚ್ಚಿ ಮಲಗಿರುವವರನ್ನು ‘ಅವರು ಸಹಿಸಿಕೊಳ್ಳುವ ಜನ’ ಅಂತ ಹೊಗಳುವುದನ್ನು ಕೇಳಿದ್ದೇನೆ. ಹೊಟ್ಟೆ ಉರಿಯುತ್ತದೆ. ಉಗಾಂಡಾದಲ್ಲಿ ಡಾ. ಆ್ಯನ್ ಮೆರಿಮನ್ 1993ರಲ್ಲಿ ಹಾಸ್ಪಿಸ್ (ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಶುರು ಮಾಡಿದರು. ಅಲ್ಲಿ ಪುಡಿಯನ್ನು ನೀರಿನಲ್ಲಿ ಕರಗಿಸಿದ ಮಾರ್ಫಿನ್ ದ್ರಾವಣವನ್ನು ಬಾಟಲಿಯಲ್ಲಿ ಕೊಟ್ಟು ಕಳಿಸುತ್ತಾರೆ, ರೋಗಿ ಮನೆಯಲ್ಲೇ ಕುಡಿಯಬಹುದು. ಡಾಕ್ಟರುಗಳು ಸಾಲದು ಅಂತ, ತರಬೇತಿ ಪಡೆದ ನರ್ಸುಗಳೇ ಮಾರ್ಫಿನ್ ಬರೆದುಕೊಡಲು 2004ರಲ್ಲಿ ಅನುಮತಿ ಕೊಟ್ಟರು. ಶ್ರೀಮಂತ ದೇಶಗಳೂ ನೋಡಿ ಕಲಿಯಬೇಕಾದ ಕೆಲಸ ಇದು.

ವಾರ್ಡ್_ವೈದ್ಯ:
ಸಿಸ್ಟರ್ ಹೇಳಿದ್ದು ಸರಿ. ಫಾರ್ಮಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ 1990ರ ದಶಕದ ಕೊನೆಗೆ ‘ಲಿವರ್‌ಪೂಲ್ ಕೇರ್ ಪಾಥ್‌ವೇ’ ಅಂತ, ಸಾಯುವ ಹಂತದ ರೋಗಿಗೆ ಏನೇನು ಮಾಡಬೇಕು ಅನ್ನುವ ಒಂದು ಸಿದ್ಧ ಮಾದರಿ ಬಂತು. ಹಾಸ್ಪಿಸ್‌ನಲ್ಲಿ ಸಿಗುವ ಆರೈಕೆಯನ್ನು ಸಾಮಾನ್ಯ ಆಸ್ಪತ್ರೆಗೂ ತರುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಬೇರೆ ದೇಶಗಳೂ ತೆಗೆದುಕೊಂಡವು. ಇಟಲಿಯ ಆಸ್ಪತ್ರೆ ವಾರ್ಡುಗಳಲ್ಲಿ ಪರೀಕ್ಷಿಸಿ ನೋಡಿದಾಗ, ಒಟ್ಟು ಆರೈಕೆಯ ಗುಣಮಟ್ಟದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲೇ ಮನೆಯವರಿಂದ ದೂರುಗಳು ಬಂದವು. ನಮಗೆ ಹೇಳದೆ ಶುರು ಮಾಡಿದರು, ನೀರು ಕೇಳಿದರೂ ಕೊಡಲಿಲ್ಲ ಎಂದರು. 2013ರ ಪರಿಶೀಲನಾ ವರದಿಯ ನಂತರ ಅದನ್ನು ಕೈಬಿಟ್ಟರು. ಚೆನ್ನಾಗಿ ಬಳಸಿದ ಕಡೆ ಅದು ಚೆನ್ನಾಗಿಯೇ ಇತ್ತು ಅಂತ ಅದೇ ವರದಿ ಹೇಳಿತು. ಕಲಿಸದೆ ಬರೀ ಕಾಗದ ಕೊಟ್ಟ ಕಡೆ ಕೆಟ್ಟಿತು.

ಹಾಗಾಗಿ ಫಾರ್ಮ್ ಇರಲಿ. ಬೇಡದ ರಕ್ತ ಪರೀಕ್ಷೆ, ಗಂಟೆಗೊಮ್ಮೆ ಬಿ.ಪಿ. ನಿಲ್ಲಿಸುವುದನ್ನು ಅದು ನೆನಪಿಸುತ್ತದೆ. ಮಾರ್ಫಿನ್ ಬರೆದಾಗ ಮಲಬದ್ಧತೆಗೂ ಔಷಧಿ ಬರೆಯಿರಿ ಅನ್ನುತ್ತದೆ. ಅದಕ್ಕಿಂತ ಜಾಸ್ತಿ ಅದರಿಂದ ಬಯಸಬೇಡಿ.

ಅಮ್ಮನ_ಮಗಳು:
ನಾನು ಆಸ್ಪತ್ರೆಯವಳಲ್ಲ. ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ. ಅವರು ಊಟ ಬಿಟ್ಟಿದ್ದಾರೆ. ಒಂದು ಗುಟುಕು ನೀರು ಹಾಕಿದರೂ ಕೆಮ್ಮು. ನೋಡಲು ಬಂದವರೆಲ್ಲ ‘ಉಪವಾಸ ಕೆಡವಿದ್ದೀಯಾ, ಡ್ರಿಪ್ ಹಾಕಿಸು’ ಅನ್ನುತ್ತಾರೆ. ಗಂಟಲಲ್ಲಿ ಗೊರಗೊರ ಸದ್ದು ಬೇರೆ. ಇದನ್ನೆಲ್ಲ ಯಾವ ದೇಶದಲ್ಲಾದರೂ ಮನೆಯವರಿಗೆ ಮೊದಲೇ ಹೇಳಿಕೊಡುತ್ತಾರಾ?

ಸಿಸ್ಟರಮ್ಮ:
ಮಗಳೇ, ನೀವು ಉಪವಾಸ ಕೆಡವಿಲ್ಲ. ದೇಹ ನಿಲ್ಲುವ ಹೊತ್ತಿಗೆ ಹಸಿವು ತಾನಾಗಿ ಹೋಗುತ್ತದೆ. ಊಟ ಬಿಟ್ಟಿದ್ದರಿಂದ ಸಾವು ಹತ್ತಿರ ಬಂದಿದ್ದಲ್ಲ. ಸಾವು ಹತ್ತಿರ ಬಂದಿದ್ದರಿಂದ ಊಟ ಬಿಟ್ಟಿದ್ದಾರೆ. ಈ ಹಂತದಲ್ಲಿ ಡ್ರಿಪ್ ಹಾಕಿದರೆ ಕೆಲವರಿಗೆ ಕೈಕಾಲು ಊದಿಕೊಳ್ಳುತ್ತದೆ, ಗಂಟಲಿನ ಸದ್ದೂ ಹೆಚ್ಚಬಹುದು.

ಬಾಯಿ ಒಣಗುವುದನ್ನು ನೋಡಿಕೊಳ್ಳಿ. ಮೆತ್ತಗಿನ ಸ್ಪಂಜು ಅಥವಾ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ನಾಲಿಗೆ. ಅವರು ಸ್ಪಂಜನ್ನು ಹೀರಿದರೆ ಹೀರಲಿ, ಬಿಡಿ. ಎಚ್ಚರ ಇದ್ದಾಗ ನೀರು ಕೇಳಿದರೆ ತಲೆ ಎತ್ತಿ ಹಿಡಿದು ಚಮಚದ ತುದಿಯಲ್ಲಿ ಕೊಡಿ. ಗೊರಗೊರ ಸದ್ದಿಗೆ ನಿಧಾನವಾಗಿ ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಡಿ. ಆ ಸದ್ದು ಕೇಳುವವರಿಗೆ ಹಿಂಸೆ. ಅವರಿಗೆ ಅಷ್ಟು ಗೊತ್ತಾಗುವುದಿಲ್ಲ. ಹುಬ್ಬು ಗಂಟಿಕ್ಕಿದರೆ, ನರಳಿದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ನೋವಿನ ಔಷಧಿ ಹೊಂದಿಸಬೇಕಾಗಬಹುದು.

ಮೊದಲೇ ಹೇಳಿಕೊಡುವ ಕಡೆಗಳು ಇವೆ. ಕೇರಳದಲ್ಲಿ ಅಕ್ಕಪಕ್ಕದ ಸ್ವಯಂಸೇವಕರೂ ನರ್ಸುಗಳೂ ಮನೆಗೇ ಬರುತ್ತಾರೆ. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ನಿಮ್ಮ ಆಸ್ಪತ್ರೆಯಲ್ಲೂ ಪ್ಯಾಲಿಯೇಟಿವ್ ತಂಡ ಇದೆಯಾ ಅಂತ ಕೇಳಿ ನೋಡಿ.

ಹೊಸಪಾಳಿ:
ಅಕ್ಕಾ, ಇವತ್ತು ದುಭಾಷಿಯನ್ನು ಕರೆಸಿ ಆ ಹಿರಿಯರನ್ನು ಕೇಳಿದೆ. ‘ನನಗೆ ಗೊತ್ತು. ಮಗನಿಗೆ ಹೇಳಬೇಡಿ, ಹೆದರುತ್ತಾನೆ’ ಎಂದರು. ಈಗ ಇಬ್ಬರನ್ನೂ ಕೂರಿಸಿ ಮಾತಾಡಿಸಲಾ?

ಸಿಸ್ಟರಮ್ಮ:
ಅಪ್ಪನ ಒಪ್ಪಿಗೆ ಕೇಳಿ. ‘ನಿಮ್ಮ ಮಗನಿಗೂ ಗೊತ್ತಿರಬಹುದು ಅನ್ನಿಸುತ್ತದೆ, ಒಟ್ಟಿಗೆ ಮಾತಾಡೋಣವಾ?’ ಅಂದರೆ ಸಾಕು. ಹೂಂ ಅಂದರೆ ಅದೇ ದುಭಾಷಿ ಇರಲಿ, ಮಗನನ್ನು ಆ ಕೆಲಸಕ್ಕೆ ಹಾಕಬೇಡಿ. ನೀವು ಶುರು ಮಾಡಿಕೊಟ್ಟು ಸ್ವಲ್ಪ ಹೊತ್ತು ಹೊರಗೆ ಬನ್ನಿ.