ಸುಶಿ ನಿಜವಾಗಿಯೂ ಆರೋಗ್ಯದ ಊಟನಾ? ಬಳ್ಳಾರಿಗೆ ಪಾರ್ಸೆಲ್ ತರಬಹುದಾ?

ಕೌಲ್‌ಬಜಾರ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣಣ್ಣ ಬೆಂಗಳೂರಿನಲ್ಲಿದ್ದಾನೆ, ಈಗ ಅವನಿಗೆ ಸುಶಿ (ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನಿಡುವ ಜಪಾನಿನ ತಿನಿಸು) ಹುಚ್ಚು ಹಿಡಿದಿದೆ. ಎಣ್ಣೆ ಇಲ್ಲ, ಕರಿದಿದ್ದಲ್ಲ, ಮೀನು ಇರುತ್ತದೆ, ಜಪಾನಿನವರು ನೂರು ವರ್ಷ ಬದುಕುವುದು ಇದನ್ನು ತಿಂದೇ ಅಂತ ಫೋನ್ ಮಾಡಿದಾಗಲೆಲ್ಲ ಅದೇ ಭಾಷಣ. ಸಂಜೆ ಮಿರ್ಚಿ ಮಂಡಕ್ಕಿ ತಿಂದೆವು ಅಂದರೆ ಸಾಕು, ಬೈಗುಳ ಶುರು. ಮುಂದಿನ ವಾರ ಊರಿಗೆ ಬರುತ್ತಿದ್ದಾನೆ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮೊದಲು ಎಲ್ಲರಿಗೂ ಸುಶಿ ಕಟ್ಟಿಸಿಕೊಂಡು ಬರುತ್ತಾನಂತೆ.

ಅಪ್ಪನಿಗೆ ಶುಗರ್, ಬಿಪಿ ಎರಡೂ ಇವೆ. ದೊಡ್ಡ ಅತ್ತಿಗೆಗೆ ಈಗ ಐದು ತಿಂಗಳು. ಅವ್ವ ಅಂತೂ "ಹಸೀ ಮೀನಾ? ಬೆಕ್ಕಿಗೆ ಹಾಕು" ಅಂದುಬಿಟ್ಟಳು. ಗೊತ್ತಿರುವವರು ಹೇಳಿ, ಇದು ಒಳ್ಳೆಯದಾ, ಇಲ್ಲಾ ಸುಮ್ನೆ ಶೋಕಿನಾ?

ಗಂಗಾವತಿ ಒಲೆ

ತಂಗಿ, ಮೊದಲು ಆ ಪಾರ್ಸೆಲ್ ಬೇಡ ಅಂತ ಹೇಳಮ್ಮ. ಉಳಿದದ್ದು ಆಮೇಲೆ ಮಾತಾಡೋಣ. ನಾನು ಬೆಂಗಳೂರಿನ ಹೋಟೆಲ್ ಅಡುಗೆಮನೆಯಲ್ಲಿ ದುಡಿದು ಬಂದವನು. ಹಸಿ ಮೀನಿನ ಸುಶಿಯನ್ನು ಕಟ್ಟಿದ ತಕ್ಷಣ ತಿನ್ನಬೇಕು. ರಾತ್ರಿಯೆಲ್ಲ ಬ್ಯಾಗಿನಲ್ಲಿ ಕೂತು, ಬೆಳಿಗ್ಗೆ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದು, ಆಟೋ ಹಿಡಿದು ಮನೆಗೆ ಬಂದು, ಎಲ್ಲರ ಸ್ನಾನ ಮುಗಿಯುವ ತನಕ ಅದು ಕಾಯುವುದಿಲ್ಲ. ಐಸ್ ಇಟ್ಟರೆ ಅನ್ನ ಕಲ್ಲಾಗುತ್ತದೆ, ಇಡದಿದ್ದರೆ ಮೀನು ಕೆಡುತ್ತದೆ. ಟ್ಯೂನಾದಂಥ ಮೀನು ತಂಪು ತಪ್ಪಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಒಮ್ಮೆ ಹುಟ್ಟಿದರೆ ಮೀನನ್ನು ಬೇಯಿಸಿದರೂ ಅದು ಹೋಗುವುದಿಲ್ಲ.

ಹಸಿ ಮೀನು ಅಂದರೆ ಬಲೆಯಿಂದ ನೇರ ತಟ್ಟೆಗೆ ಅಂತ ತಿಳಿಯಬೇಡ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಅನ್ನುವ ಹುಳು ಇರಬಹುದು. ಅದನ್ನು ಕೊಲ್ಲಲು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಗಟ್ಟಿಯಾದ ಮೇಲೆ 15 ಗಂಟೆ ಇಡಿ ಅನ್ನುವುದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೂಚನೆ. ಹುಳು ಸಾಯುತ್ತದೆ ಸರಿ, ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ. ಹಾಗಾಗಿ ಆಮೇಲೂ ತಂಪು ತಪ್ಪಬಾರದು.

ಈಗ ನಿನ್ನ ಪ್ರಶ್ನೆ. ಎಲ್ಲರೂ ಮೀನು ಮೀನು ಅನ್ನುತ್ತಾರೆ, ಆದರೆ ಸುಶಿಯಲ್ಲಿ ಜಾಸ್ತಿ ಇರುವುದು ಅನ್ನ. ಅದೂ ಬಿಳಿ ಅನ್ನ, ವಿನಿಗರ್, ಸಕ್ಕರೆ, ಉಪ್ಪು ಹಾಕಿ ಕಲಸಿದ್ದು. ನೋರಿ ಅನ್ನುವ ಕಡಲಪಾಚಿ ಹಾಳೆಯಲ್ಲಿ ಅನ್ನ ಸುತ್ತಿ ಕತ್ತರಿಸಿದ ಆರೆಂಟು ತುಂಡಿನ ಒಂದು ರೋಲಿನಲ್ಲಿ ಸುಮಾರು ಮುಕ್ಕಾಲಿನಿಂದ ಒಂದು ಕಪ್ ಅನ್ನ ಒತ್ತಿ ಕೂರಿಸಿರುತ್ತಾರೆ, ನೋಡಲು ಮಾತ್ರ ಬೆರಳುದ್ದ. ನಿಮ್ಮಣ್ಣ ಒಂದೇ ರೋಲಿಗೆ ನಿಲ್ಲಿಸುತ್ತಾನಾ ಕೇಳು! ಎಣ್ಣೆ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಟೆಂಪುರಾ ರೋಲಿನೊಳಗಿನ ಸಿಗಡಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದಿರುತ್ತಾರೆ, ಥೇಟ್ ನಮ್ಮ ಮಿರ್ಚಿ ಹಾಗೆ. ಮೇಲೆ ಮೇಯೊನೀಸ್ ಬೇರೆ. ಕೆಲವದರಲ್ಲಿ ಕ್ರೀಮ್ ಚೀಸ್, ಅದಂತೂ ಅಮೆರಿಕದವರ ಕೈವಾಡ.

ಒಳ್ಳೆಯದು ಬೇಕು ಅಂದರೆ ಅನ್ನವೇ ಇಲ್ಲದ, ಬರೀ ಹಸಿ ಮೀನಿನ ಹೋಳಾದ ಸಾಶಿಮಿ, ಇಲ್ಲಾ ಸ್ವಲ್ಪ ಅನ್ನದ ಮೇಲೆ ಮೀನಿಟ್ಟ ನಿಗಿರಿ. ಸ್ಯಾಮನ್ ಮೀನಿನಲ್ಲಿ ಪ್ರೋಟೀನೂ ಇದೆ, ಒಮೆಗಾ-3 ಕೊಬ್ಬೂ ಇದೆ. ಅಷ್ಟರ ಮಟ್ಟಿಗೆ ನಿಮ್ಮಣ್ಣನ ಮಾತು ಸರಿ. ಆದರೆ ಅದನ್ನು ಅಲ್ಲೇ, ಗಿರಾಕಿಗಳ ಓಡಾಟ ಚೆನ್ನಾಗಿರುವ ಹೋಟೆಲಿನಲ್ಲಿ ಕೂತು ತಿನ್ನಲಿ.

ರಾಯಚೂರು ಸಿಸ್ಟರ್

ಅಕ್ಕಾ, ಅತ್ತಿಗೆಯವರಿಗೆ ಹಸಿ ಮೀನು ಬೇಡವೇ ಬೇಡ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ ಅದು ತಗುಲಿದರೆ ಗರ್ಭಕ್ಕೇ ಅಪಾಯ. ದೊಡ್ಡ ಜಾತಿಯ ಟ್ಯೂನಾದಲ್ಲಿ ಪಾದರಸವೂ ಜಾಸ್ತಿ, ಅದು ಬೇಯಿಸಿದರೂ ಹೋಗದು. ಚೆನ್ನಾಗಿ ಬೇಯಿಸಿದ ಸಿಗಡಿ, ಸೌತೆಕಾಯಿ, ಕ್ಯಾರೆಟ್ ಹಾಕಿದ ಬಿಸಿಬಿಸಿ ರೋಲು ಮನೆಯಲ್ಲೇ ಮಾಡಿದರೆ ತಿನ್ನಲಿ.

ಅಪ್ಪನಿಗೆ ಶುಗರ್ ಮಾತ್ರ ಇದ್ದಿದ್ದರೆ ಅನ್ನದ ಲೆಕ್ಕ ಹಿಡಿದು ಎರಡು ಮೂರು ತುಂಡು ಕೊಡಬಹುದಿತ್ತು. ಬಿಪಿ ಇರುವವರಿಗೆ ತೊಂದರೆ ಇರುವುದು ಸುಶಿ ಅದ್ದಿಕೊಳ್ಳುವ ಸೋಯಾ ಸಾಸಿನ ಆ ಪುಟ್ಟ ಬಟ್ಟಲಲ್ಲಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಸುಶಿ ಅದ್ದಿ ಅದ್ದಿ ತಿಂದರೆ ಅರ್ಧ ದಿನದ ಪಾಲು ಅಲ್ಲೇ ಖಾಲಿ. ಮನೆಯಲ್ಲಿ ಥೈರಾಯಿಡ್ ಮಾತ್ರೆ ನುಂಗುವವರಿದ್ದರೆ ನೋರಿ ಹಾಳೆಯನ್ನೂ ದಿನಾ ತಿನ್ನಬೇಡಿ, ಅದರಲ್ಲಿ ಅಯೋಡಿನ್ ಇರುತ್ತದೆ.

ಬಿಸಿಲೂರು

ಜಪಾನಿನವರು ನೂರು ವರ್ಷ ಬದುಕುವುದು ಸುಶಿಯಿಂದ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಅವರೇನು ದಿನಾ ಸುಶಿ ತಿನ್ನುತ್ತಾರಾ? ಮನೆಯಲ್ಲಿ ಅನ್ನ, ಸಾರು, ಸೋಯಾ, ತರಕಾರಿ, ಸುಟ್ಟ ಮೀನು. ಸುಶಿ ಹೊರಗೆ ಹೋದಾಗ, ಹಬ್ಬಕ್ಕೆ, ನೆಂಟರು ಬಂದಾಗ. ಮತ್ತೆ ಇನ್ನೊಂದು ಕೇಳಿ, 1950, 60ರ ದಶಕಗಳಲ್ಲಿ ಅದೇ ಜಪಾನಿನಲ್ಲಿ ಅತಿ ಹೆಚ್ಚು ಜನ ಸಾಯುತ್ತಿದ್ದದ್ದು ಲಕ್ವದಿಂದ, ಊಟದಲ್ಲಿ ಉಪ್ಪು ಅಷ್ಟಿತ್ತು. ಉಪ್ಪು ಕಡಿಮೆ ಮಾಡಿ, ಬಿಪಿ ನೋಡಿಕೊಂಡು, ಆಮೇಲೆ ಆಯಸ್ಸು ಏರಿದ್ದು. ಇದನ್ನು ನಿಮ್ಮಣ್ಣನಿಗೆ ಓದಿ ಹೇಳಿ.

ಜೋಳದ ರೊಟ್ಟಿ, ಪುಂಡಿಪಲ್ಲೆ, ಬೇಳೆ ಬಿಟ್ಟು ಇದರ ಹಿಂದೆ ಹೋಗುವುದು ನನಗಂತೂ ಒಪ್ಪಿಗೆ ಇಲ್ಲ. ಸಂಜೆಯ ಮಿರ್ಚಿ ಬಗ್ಗೆ ಮಾತ್ರ ನಾನು ಬಾಯಿ ಬಿಡುವುದಿಲ್ಲ, ಅದರಲ್ಲಿ ಅವನೇ ಗೆದ್ದ.

ಮುನಿರಾಬಾದ್ ದಂಡೆ

ನಮ್ಮ ಡ್ಯಾಮಿನ ಕಾಟ್ಲಾ, ರೋಹು ಬೆಳಿಗ್ಗೆ ಬೆಳಿಗ್ಗೆ ಹಿಡಿದದ್ದು ಸಿಗುತ್ತದಲ್ಲ. ಇನ್ನೂ ಒದ್ದಾಡುತ್ತಿರುತ್ತದೆ. ಅದರಲ್ಲೇ ಮನೆಯಲ್ಲಿ ಸುಶಿ ಮಾಡಿದರೆ ಹೇಗೆ? ರೈಲೂ ಬೇಡ, ಪಾರ್ಸೆಲ್ಲೂ ಬೇಡ.

ಗಂಗಾವತಿ ಒಲೆ

ಅಣ್ಣಾ, ಕೈಮುಗಿಯುತ್ತೇನೆ, ಮಾಡಬೇಡಿ. ಸಿಹಿನೀರಿನ ಮೀನು ಎಷ್ಟೇ ತಾಜಾ ಇರಲಿ ಹಸಿಯಾಗಿ ತಿನ್ನಬಾರದು. ಅದರಲ್ಲಿ ಪಿತ್ತಜನಕಾಂಗಕ್ಕೆ, ಕರುಳಿಗೆ ಸೇರುವ ಬೇರೆ ಹುಳುಗಳಿರಬಹುದು. ಹುಳುವಿಗೂ ತಾಜಾತನಕ್ಕೂ ಸಂಬಂಧವೇ ಇಲ್ಲ, ಮೀನು ಜೀವಂತ ಇದ್ದರೆ ಹುಳುವೂ ಜೀವಂತ. ಫ್ರೀಜರಿನಲ್ಲಿಟ್ಟು ಮಾಡುತ್ತೇನೆ ಅನ್ನಬೇಡಿ, ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಹತ್ತಿರ ಇರುತ್ತದೆ, ಮೇಲೆ ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಕಾಟ್ಲಾಕ್ಕೆ ಖಾರ ಹಚ್ಚಿ ಹುರಿಯಿರಿ, ನನ್ನನ್ನೂ ಕರೆಯಿರಿ.

ಮನೆಯಲ್ಲಿ ತರಕಾರಿದ್ದೋ ಮೊಟ್ಟೆದ್ದೋ ಮಾಡುವವರಿಗೆ ಒಂದು ಮಾತು. ನಮ್ಮ ಹಳೆ ಸೋನಾ ಮಸೂರಿ ಉದುರುದುರಾಗಿ ಬೇಯುತ್ತದೆ, ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಹೊಸ ಅಕ್ಕಿ ತಗೊಂಡು ಸ್ವಲ್ಪ ನೀರು ಜಾಸ್ತಿ ಇಟ್ಟರೆ ಅಂಟುತ್ತದೆ. ವಿನಿಗರ್ ಕಡಿಮೆ ಮಾಡಬೇಡಿ. ಅದು ರುಚಿಗಷ್ಟೇ ಅಲ್ಲ, ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಆ ಹುಳಿಯೇ ತಡೆಯುವುದು. ಸಕ್ಕರೆ ಬೇಕಾದರೆ ಅರ್ಧ ಹಾಕಿ.

ಕೌಲ್‌ಬಜಾರ್ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಇಡೀ ಚರ್ಚೆ ಕಳಿಸಿದೆ. ಲಕ್ವದ ವಿಷಯ ಓದಿ ಒಂದು ಗಂಟೆ ಉತ್ತರವೇ ಬರಲಿಲ್ಲ, ಆಮೇಲೆ "ಸರಿ, ಪಾರ್ಸೆಲ್ ತರುವುದಿಲ್ಲ" ಅಂದ. ನೋರಿ ಹಾಳೆ, ವಿನಿಗರ್, ವಸಾಬಿ ಅನ್ನುವ ಹಸಿರು ಖಾರದ ಪೇಸ್ಟಿನ ಟ್ಯೂಬು ತರುತ್ತಾನಂತೆ. ಅಪ್ಪನ ತಟ್ಟೆಗೆ ಸೋಯಾ ಸಾಸ್ ಇಲ್ಲ ಅಂತ ಈಗಲೇ ಹೇಳಿಟ್ಟಿದ್ದೇನೆ. ವಸಾಬಿ ಏನಾದರೂ ತೊಂದರೆನಾ?

ಗಂಗಾವತಿ ಒಲೆ

ತೊಂದರೆ ಏನಿಲ್ಲಮ್ಮ. ಟ್ಯೂಬಿನಲ್ಲಿ ಬರುವುದು ಬಹುಪಾಲು ವಸಾಬಿ ಅಲ್ಲವೇ ಅಲ್ಲ, ಹಾರ್ಸ್‌ರ್ಯಾಡಿಶ್ ಅನ್ನುವ ಗಡ್ಡೆ, ಸಾಸಿವೆ, ಹಸಿರು ಬಣ್ಣ. ಲೇಬಲ್ ಓದಿ ತಗೊಳ್ಳಲು ಹೇಳು. ಅವ್ವನಿಗೆ ಕಡಲೆಬೇಳೆಯಷ್ಟು ಕೊಡು, ಜಾಸ್ತಿ ಕೊಟ್ಟರೆ ಖಾರ ನಾಲಿಗೆಗೆ ಅಲ್ಲ, ನೇರ ಮೂಗಿಗೆ ಹತ್ತುತ್ತದೆ.