ಹಾರ್ಡ್ ಡಿಸ್ಕ್ ಆಗಾಗ ನಿಂತುಹೋಗುತ್ತಿದೆ: ಸ್ಮಾರ್ಟ್ ಅಂಕಿಗಳನ್ನು ಹೇಗೆ ಓದೋದು?

ಪ್ರಶ್ನೆ (ಫೋಟೋ ಸ್ಟುಡಿಯೋ, ಮದ್ದೂರು):
ನಮಸ್ಕಾರ ಸರ್. ಮದ್ದೂರಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ, ಬೀಗರ ಊಟ, ನಾಮಕರಣ, ಎಲ್ಲ ಫೋಟೋ ಒಂದೇ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ಹದಿನೈದು ದಿನದಿಂದ ಕೆಲವು ಫೋಲ್ಡರ್ ತೆರೆದರೆ ಕಂಪ್ಯೂಟರ್ ಒಂದೆರಡು ನಿಮಿಷ ನಿಂತೇ ಹೋಗುತ್ತದೆ. ಆಮೇಲೆ ತಾನೇ ಸರಿಹೋಗುತ್ತದೆ. ಆ ಹೊತ್ತಲ್ಲಿ ಒಳಗಿಂದ ಟಕ್ ಟಕ್ ಅಂತ ಸಣ್ಣ ಸದ್ದು. ಅಂಗಡಿಯವರೊಬ್ಬರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕೋಣ ಅಂದರು. ಅದಕ್ಕೆ ಮುಂಚೆ ಸ್ಮಾರ್ಟ್ ಅಂಕಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬರುತ್ತಿದೆ.
05ರ ಸಾಲು: ಕರೆಂಟ್ 100, ಥ್ರೆಶೋಲ್ಡ್ 10, ರಾ ವ್ಯಾಲ್ಯೂ 0. ಸಿ5, ಸಿ6 ಎರಡರಲ್ಲೂ ಕರೆಂಟ್ 100, ರಾ ವ್ಯಾಲ್ಯೂ 38. 09ರಲ್ಲಿ ರಾ ವ್ಯಾಲ್ಯೂ 2ಇಇ0. ಸಿ7 ಸೊನ್ನೆ. 01ರಲ್ಲಿ ಮಾತ್ರ ಏನೋ ಭಾರಿ ದೊಡ್ಡ ಸಂಖ್ಯೆ.
05 ಸೊನ್ನೆ ಇದೆ, ಉಳಿದ ಕಡೆ 100ಕ್ಕೆ 100 ಇದೆ. ಅಂದ ಮೇಲೆ ಡಿಸ್ಕ್ ಚೆನ್ನಾಗಿದೆ ಅಲ್ವಾ? ಹಳದಿ ಯಾಕೆ?

ಉತ್ತರ (ಹಾರ್ಡ್‌ವೇರ್ ಸರ್ವಿಸ್, ಮೈಸೂರು):
ಫಾರ್ಮ್ಯಾಟ್ ಮಾಡಿಸಬೇಡಿ. ಚೆಕ್‌ಡಿಸ್ಕ್ ಓಡಿಸಬೇಡಿ. ಡಿಫ್ರ್ಯಾಗ್ ಕೂಡ ಬೇಡ. ಇದನ್ನು ಓದುವ ಹೊತ್ತಿಗೆ ಕಂಪ್ಯೂಟರ್ ಆನ್ ಇದ್ದರೆ ಆಫ್ ಮಾಡಿ, ಉಳಿದದ್ದನ್ನು ಮೊಬೈಲ್‌ನಲ್ಲಿ ಓದಿ.

'ಕರೆಂಟ್' ಅಂತ ಇರುವ ಆ 100 ಮಾರ್ಕ್ಸ್ ಅಲ್ಲ. ಕಂಪನಿಯವರು ತಮ್ಮದೇ ಲೆಕ್ಕದಲ್ಲಿ ಕೊಡುವ ಅಂಕಿ ಅದು. ಕೆಲವು ಡಿಸ್ಕ್‌ಗಳಲ್ಲಿ 200ರಿಂದ ಶುರುವಾಗುತ್ತದೆ. ಕೆಡುತ್ತಾ ಹೋದಂತೆ ಇಳಿಯುತ್ತದೆ. ಇಳಿದು ಇಳಿದು ಥ್ರೆಶೋಲ್ಡ್ ಅನ್ನೋ ಕನಿಷ್ಠ ಮಿತಿ ಮುಟ್ಟಿದಾಗ ಮಾತ್ರ ಡಿಸ್ಕ್ ತಾನಾಗಿ 'ಕೆಟ್ಟೆ' ಅಂತ ಒಪ್ಪಿಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಎಷ್ಟೋ ಫೋಟೋ ಹೋಗಿರುತ್ತವೆ. ಹಾಗಾಗಿ 05, ಸಿ5, ಸಿ6 ಸಾಲುಗಳಲ್ಲಿ ರಾ ವ್ಯಾಲ್ಯೂ, ಅಂದರೆ ಡಿಸ್ಕ್ ಎಣಿಸಿದ ನಿಜವಾದ ಸಂಖ್ಯೆ ನೋಡಬೇಕು. 01ರ ದೊಡ್ಡ ಸಂಖ್ಯೆಗೆ ಹೆದರಬೇಡಿ. ಕೆಲವು ಕಂಪನಿಗಳು ಅದರಲ್ಲಿ ಎಷ್ಟು ಸಲ ಓದಿತು ಅನ್ನೋ ಲೆಕ್ಕವನ್ನೂ ಸೇರಿಸಿ ಬರೆಯುತ್ತವೆ.

ಇನ್ನೊಂದು ವಿಷಯ. ಈ ಸಾಫ್ಟ್‌ವೇರ್ ರಾ ವ್ಯಾಲ್ಯೂವನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಮೂರು ಹದಿನಾರಲಿ ನಲವತ್ತೆಂಟು, ಮೇಲೆ ಎಂಟು. ನಿಮ್ಮ 38 ಅಂದರೆ 56. 09 ಅಂದರೆ ಡಿಸ್ಕ್ ಒಟ್ಟು ಎಷ್ಟು ಗಂಟೆ ಆನ್ ಇತ್ತು ಅನ್ನೋ ಲೆಕ್ಕ, ಅದರ 2ಇಇ0 ಅಂದರೆ 12,000 ಗಂಟೆ. ದಿನಕ್ಕೆ 8 ಗಂಟೆ ಅಂದರೆ 1,500 ದಿನದ ಕೆಲಸ. ಸೆಟ್ಟಿಂಗ್‌ನಲ್ಲಿ ರಾ ವ್ಯಾಲ್ಯೂವನ್ನು ಡೆಸಿಮಲ್‌ಗೆ ಬದಲಾಯಿಸಿಕೊಳ್ಳಬಹುದು.

ಈಗ ಮುಖ್ಯ ವಿಚಾರಕ್ಕೆ ಬರೋಣ. 05 ಅಂದರೆ ಕೆಟ್ಟ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಇಡುವ ಸಣ್ಣ ಖಾನೆ) ಬಿಟ್ಟು ಅದರ ಬದಲು ಸ್ಪೇರ್ ಸೆಕ್ಟರ್ ಹಾಕಿಕೊಂಡ ಲೆಕ್ಕ. ಸಿ5 ಅಂದರೆ ಓದಲು ಹೋದೆ, ಆಗಲಿಲ್ಲ, ಇನ್ನೂ ತೀರ್ಮಾನ ಮಾಡಿಲ್ಲ ಅಂತ ಬಾಕಿ ಇಟ್ಟ ಲೆಕ್ಕ. ಯಾಕೆ ಬಾಕಿ? ಒಳಗೆ ಏನಿತ್ತು ಅಂತ ಡಿಸ್ಕ್‌ಗೆ ಗೊತ್ತಿಲ್ಲ. ಸುಮ್ನೆ ಸ್ಪೇರ್‌ಗೆ ಬದಲಾಯಿಸಿದರೆ ಅಲ್ಲಿದ್ದ ಡೇಟಾ ಪೂರ್ತಿ ಹೋದಂತೆ. ಅದಕ್ಕೇ ಆ ಜಾಗಕ್ಕೆ ಯಾರಾದರೂ ಹೊಸದಾಗಿ ಬರೆಯುವ ತನಕ ಕಾಯುತ್ತದೆ. ಬರೆದಾಗ ಪರೀಕ್ಷೆ ಮಾಡುತ್ತದೆ. ಸರಿಯಿದ್ದರೆ ಸಿ5 ಇಳಿಯುತ್ತದೆ. ಸರಿಯಿಲ್ಲದಿದ್ದರೆ ಸ್ಪೇರ್ ಹಾಕಿಕೊಳ್ಳುತ್ತದೆ, 05 ಏರುತ್ತದೆ. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲು ಆಗದ ಸೆಕ್ಟರ್‌ಗಳ ಲೆಕ್ಕ. ನಿಮ್ಮ 05 ಸೊನ್ನೆ ಇರೋದು ಡಿಸ್ಕ್ ಚೆನ್ನಾಗಿದೆ ಅಂತಲ್ಲ, ಇನ್ನೂ ಬದಲಾವಣೆ ಶುರುವಾಗಿಲ್ಲ ಅಂತ.

ಫಾರ್ಮ್ಯಾಟ್ ಬೇಡ ಅಂದಿದ್ದು ಇದಕ್ಕೇ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಎಲ್ಲ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ. ಸಿ5 ಸೊನ್ನೆಗೆ ಬಂದು ಹಳದಿ ಹೋಗಿ ನೀಲಿಯೂ ಆಗಬಹುದು. ರಿಪೇರಿ ಆಯಿತು ಅಂತ ಕೈಗೆ ಕೊಡುತ್ತಾರೆ. ಮದುವೆ ಫೋಟೋ ಮಾತ್ರ ಇರುವುದಿಲ್ಲ.

ಎರಡು ವಿಷಯ ತಿಳಿಸಿ. ಯುಪಿಎಸ್ ಇದೆಯಾ? ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 'ಡಿಸ್ಕ್' ಹೆಸರಲ್ಲಿ 7 ಅಥವಾ 153 ಅನ್ನೋ ನಂಬರ್ ಬಂದಿದ್ದು ಕಂಡಿದ್ದೀರಾ? ಇದಕ್ಕಾಗಿ ಮತ್ತೆ ಆನ್ ಮಾಡಬೇಡಿ, ನೆನಪಿದ್ದರೆ ಸಾಕು.

ಸ್ಟುಡಿಯೋ, ಮದ್ದೂರು:
ಯುಪಿಎಸ್ ಇಲ್ಲ ಸರ್. ಕರೆಂಟ್ ಹೋದರೆ ಹಾಗೇ ಆಫ್ ಆಗುತ್ತದೆ. 7 ಮತ್ತು 153 ಎರಡೂ ಇದ್ದವು, ನಿನ್ನೆ ಅಂಗಡಿಯವರೇ ತೋರಿಸಿದರು. ಹೋದ ವಾರ ನೋಡಿದಾಗ ಸಿ5 ರಾ ವ್ಯಾಲ್ಯೂ 10 ಇತ್ತು, ಫೋಟೋ ತೆಗೆದಿಟ್ಟಿದ್ದೇನೆ.

ಉತ್ತರ:
ಆ ಫೋಟೋ ಬಹಳ ಉಪಯೋಗಕ್ಕೆ ಬಂತು. ಹೆಕ್ಸಾದ 10 ಅಂದರೆ 16. ವಾರದಲ್ಲಿ 16ರಿಂದ 56.

ಬರೆಯುವಾಗ ಕರೆಂಟ್ ಹೋದರೆ ಸೆಕ್ಟರ್ ಅರೆಬರೆಯಾಗಿ ಉಳಿದು ಸಿ5ಗೆ ಬರಬಹುದು. ಆಗ ಡಿಸ್ಕ್ ಒಳಗಿನ ತಟ್ಟೆಗೆ ಏನೂ ಆಗಿರುವುದಿಲ್ಲ, ಮತ್ತೆ ಬರೆದರೆ ಸರಿಹೋಗುತ್ತದೆ. ಆದರೆ ನಿಮ್ಮಲ್ಲಿ ಸದ್ದಿದೆ, ತಡವರಿಕೆ ಇದೆ, ಅಂಕಿ ಏರುತ್ತಿದೆ. 7 ಅಂದರೆ ಕೆಟ್ಟ ಬ್ಲಾಕ್ ಸಿಕ್ಕಿತು. 153 ಅಂದರೆ ಒಮ್ಮೆ ಆಗಲಿಲ್ಲ, ಮತ್ತೆ ಪ್ರಯತ್ನ ಮಾಡಿದೆ. ನಾವೆಲ್ಲ ಪೇಪರ್‌ನಲ್ಲಿ ಕೆಆರ್‌ಎಸ್ ಮಟ್ಟ ನೋಡುತ್ತೇವಲ್ಲ, ಗರಿಷ್ಠ 124.80 ಅಡಿ, ಇವತ್ತು ಇಷ್ಟು ಅಂತ. ಅದರ ಪಕ್ಕದಲ್ಲಿ ಒಳಹರಿವು ಎಷ್ಟು ಅನ್ನೋದನ್ನೂ ನೋಡುತ್ತೇವೆ. ಸಿ5ನಲ್ಲೂ ಹಾಗೆ. ಎರಡು ವರ್ಷದಿಂದ 8ರಲ್ಲೇ ನಿಂತ ಡಿಸ್ಕ್‌ಗಿಂತ ವಾರದಲ್ಲಿ 40 ಏರಿದ ಡಿಸ್ಕ್ ಅಪಾಯ. ನಿಮ್ಮದು ಹೋಗುತ್ತಿದೆ.

ಇವತ್ತೇ ಒಂದು ಹೊಸ ಡಿಸ್ಕ್ ತನ್ನಿ. 1 ಟಿಬಿಗಿಂತ ಕಡಿಮೆ ಇರಬಾರದು. ಇನ್ನೂ ಆಲ್ಬಮ್ ಕೊಡದ ಮದುವೆಗಳ ಫೋಲ್ಡರ್ ಮೊದಲು ಪೆನ್‌ಡ್ರೈವ್‌ಗೋ ಬೇರೆ ಡಿಸ್ಕ್‌ಗೋ ಕಾಪಿ ಮಾಡಿ, ಹೊಸದರಲ್ಲಿಟ್ಟರೆ ಆಮೇಲಿನ ಪೂರ್ತಿ ನಕಲಿನಲ್ಲಿ ಅಳಿಸಿಹೋಗುತ್ತದೆ. ಎಲ್ಲಿ ನಿಂತುಹೋಗುತ್ತದೋ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಹಟ ಮಾಡಬೇಡಿ. ಆಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ, ಹಳೇ ಡಿಸ್ಕನ್ನು ಹೊಸದಕ್ಕೆ ಪೂರ್ತಿ ನಕಲು ಮಾಡುವ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದಲು ಸಿಗುವ ಜಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಧ್ಯೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಫೈಲ್ ಬೇರೆ ಪೆನ್‌ಡ್ರೈವ್‌ನಲ್ಲಿರಲಿ. ಹಳೇ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ. ಅದಲು ಬದಲಾದರೆ ಇರುವ ಫೋಟೋ ಮೇಲೆ ಖಾಲಿ ಡಿಸ್ಕ್ ಬರೆದುಬಿಡುತ್ತದೆ. ಕೈ ನಡುಗಿದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಟಕ್ ಟಕ್ ಜಾಸ್ತಿಯಾದರೆ, ಅಥವಾ ಡಿಸ್ಕ್ ಕಾಣಿಸದೇ ಹೋದರೆ, ಅಲ್ಲಿಗೇ ನಿಲ್ಲಿಸಿ. ಆಮೇಲಿನದು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಡೇಟಾ ರಿಕವರಿಯವರ ಕೆಲಸ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಡೆಸ್ಕ್‌ಟಾಪ್‌ನಲ್ಲಿ 05, ಸಿ5, ಸಿ6 ಸೊನ್ನೆ. ಸಿ7 ಮಾತ್ರ 214, ಡೆಸಿಮಲ್‌ನಲ್ಲೇ. ಕ್ಯಾಬಿನೆಟ್ ಕ್ಲೀನ್ ಮಾಡಿದ ಮೇಲೆ ಶುರುವಾಯಿತು. ಹೊಸ ಡಿಸ್ಕ್ ಬೇಕಾ?

ಉತ್ತರ:
ಬೇಡ ಅನಿಸುತ್ತದೆ. ಸಿ7 ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಹೋಗುವಾಗ ಆದ ತಪ್ಪಿನ ಲೆಕ್ಕ. ಹೆಚ್ಚಿನ ಸಲ ಸಾಟಾ ಕೇಬಲ್ ಸಡಿಲ ಆಗಿರುತ್ತದೆ. ಕೇಬಲ್ ಬದಲಾಯಿಸಿ, 214 ಅಂತ ಬರೆದಿಟ್ಟುಕೊಳ್ಳಿ. ಆ ಅಂಕಿ ಮತ್ತೆ ಸೊನ್ನೆಗೆ ಬರುವುದಿಲ್ಲ. ಅಲ್ಲೇ ನಿಂತರೆ ಆಯಿತು.

ಪ್ರಶ್ನೆ (ನಿವೃತ್ತ ಮೇಷ್ಟ್ರು, ಮಂಡ್ಯ):
ನನ್ನದು ನೀಲಿ, 'ಗುಡ್' ಅಂತ ಇದೆ. ಎಲ್ಲ ಸೊನ್ನೆ. ನೆಮ್ಮದಿಯಾಗಿ ಇರಬಹುದೇನಪ್ಪ?

ಉತ್ತರ:
ಇಲ್ಲ ಸರ್. ಗೂಗಲ್‌ನವರು ತಮ್ಮಲ್ಲಿದ್ದ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಅಂಕಿಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನ ತಟ್ಟೆಯನ್ನು ತಾನೇ ಪರೀಕ್ಷಿಸುವಾಗ ಸಿಕ್ಕ ತಪ್ಪು) ಕಂಡ ಡಿಸ್ಕ್ 60 ದಿನದೊಳಗೆ ಕೆಡುವ ಸಾಧ್ಯತೆ ಎರರ್ ಇಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ. ಅಂದರೆ ಹಳದಿ ಬಂದರೆ ನಂಬಿ, ನೀಲಿ ಇದೆ ಅಂತ ಬ್ಯಾಕಪ್ ಬಿಡಬೇಡಿ. ನಿಮ್ಮ ಬರಹ, ಮನೆಯವರ ಫೋಟೋ ಇನ್ನೊಂದು ಡಿಸ್ಕ್‌ನಲ್ಲೂ ಇರಲಿ.

ಸ್ಟುಡಿಯೋ, ಮದ್ದೂರು (ನಾಲ್ಕು ದಿನದ ನಂತರ):
ಸರ್, ಆಯಿತು. ಡಿಡಿರೆಸ್ಕ್ಯೂ 11 ಗಂಟೆ ಓಡಿತು. ಮಧ್ಯೆ ಒಮ್ಮೆ ಕರೆಂಟ್ ಹೋಯಿತು, ಮ್ಯಾಪ್ ಫೈಲ್ ಕಾಪಾಡಿತು. ಕೊನೆಗೆ 48 ಕೆಬಿ ಮಾತ್ರ ಸಿಗಲಿಲ್ಲ. ಸಿ5 ಈಗ ಡೆಸಿಮಲ್‌ನಲ್ಲಿ 96. ಒಂದು ಮದುವೆಯ ಮೂರು ಫೋಟೋ ಅರ್ಧಕ್ಕೆ ಬೂದು ಬಣ್ಣ ಆಗಿವೆ. ಅದೇ ಧಾರೆಯ ಬೇರೆ ಫೋಟೋಗಳು ಚೆನ್ನಾಗಿವೆ. ಹಳೇ ಡಿಸ್ಕ್‌ನಲ್ಲಿ ಹಾಡು, ಸಿನಿಮಾ ಇಟ್ಟುಕೊಳ್ಳಬಹುದಾ?

ಉತ್ತರ:
ಓದಿ ಬಹಳ ಸಮಾಧಾನವಾಯಿತು. ಲೆಕ್ಕವೂ ಸರಿಯಾಗಿದೆ ನೋಡಿ: 96 ಸೆಕ್ಟರ್, ಒಂದೊಂದು 512 ಬೈಟ್, ಒಟ್ಟು 48 ಕೆಬಿ. ಅಂಕಿ 16, 56, 96 ಅಂತ ಎಂಟರ ಮಗ್ಗಿಯಲ್ಲೇ ಏರಿದ್ದಕ್ಕೂ ಕಾರಣ ಇದೆ. ಈಗಿನ ಡಿಸ್ಕ್‌ಗಳ ಒಳಗೆ ಸೆಕ್ಟರ್ 4,096 ಬೈಟ್‌ನದು. ಹೊರಗೆ ಅದನ್ನೇ 8 ತುಂಡು ಅಂತ ತೋರಿಸುತ್ತವೆ. ಒಂದು ಕೆಟ್ಟರೆ ಎಂಟೂ ಹೋಗುತ್ತವೆ.

ಹಳೇದರಲ್ಲಿ ಏನೂ ಇಡಬೇಡಿ. ಹೊಸದರಲ್ಲಿ ಎಲ್ಲ ಫೋಲ್ಡರ್ ತೆರೆದು ನೋಡಿದ ಮೇಲೆ ಹಳೇದಕ್ಕೆ ಪೂರ್ತಿ ಸೊನ್ನೆ ಬರೆಸಿ. ಗುಜರಿಗೆ ಹೋದರೂ ಗಿರಾಕಿಗಳ ಮನೆಯ ಫೋಟೋ ಯಾರ ಕೈಗೂ ಸಿಗಬಾರದು. ಹೊಸ ಡಿಸ್ಕ್‌ನ 09 ಎಷ್ಟಿದೆ ನೋಡಿ ಹೇಳಿ. ಹೊಸದು ಅಂತ ಕೊಟ್ಟಿದ್ದು ಸಾವಿರಾರು ಗಂಟೆ ತೋರಿಸಿದರೆ ಬಿಲ್ ಸಮೇತ ವಾಪಸ್ ಕೊಡಿ.

ಸ್ಟುಡಿಯೋ, ಮದ್ದೂರು:
09ರಲ್ಲಿ 19 ಗಂಟೆ ಸರ್. 05, ಸಿ5, ಸಿ6 ಎಲ್ಲ ಸೊನ್ನೆ. ತಾರೀಕು ಹಾಕಿ ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿದ್ದೇನೆ. ಯುಪಿಎಸ್‌ಗೂ ಹೇಳಿ ಬಂದಿದ್ದೇನೆ.